ದಿನಕ್ಕೆ ನಾಲ್ಕು ನಿಮಿಷ

ಹೊಂಗನೂರಿನ ರೇಷ್ಮೆ ಬೆಳೆಗಾರ ಬೋರಲಿಂಗಯ್ಯ ಮೊದಲ ಸಲ ಕೈಗಡಿಯಾರ ಕಟ್ಟಿದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಚನ್ನಪಟ್ಟಣದ ಅಂಗಡಿಯವನು ಸೆಲ್ ಹಾಕುವ ವಾಚು ತೋರಿಸಿದ. ಬೋರಲಿಂಗಯ್ಯ ಕೀ ಕೊಡುವುದನ್ನೇ ಆರಿಸಿದ.

"ನಾನು ಕೀ ಕೊಟ್ರೆ ಓಡ್ಬೇಕು. ಅದರ ಪಾಡಿಗೆ ಅದು ಓಡೋದಾದ್ರೆ ನಾನ್ಯಾಕೆ?"

ಭಾನುವಾರ ಸಂಜೆ ರೇಡಿಯೋ ವಾರ್ತೆಗೆ ಮುಂಚಿನ ಬೀಪ್ ಶಬ್ದಕ್ಕೆ ಸರಿಯಾಗಿ ಮುಳ್ಳು ಕೂರಿಸಿದ. ಮಲಗುವಾಗ ಅದನ್ನು ಬಿಚ್ಚಿ ರೇಡಿಯೋ ಮೇಲೆಯೇ ಇಟ್ಟ. ಹೊತ್ತು ಹೇಳುವ ಎರಡೂ ಒಂದೇ ಕಡೆ ಇರಲಿ ಎಂದು.

ಬಿಡದಿ ಸುತ್ತ ಕಾರ್ಖಾನೆಗಳು ಎದ್ದು, ಕಂಪನಿ ಬಸ್ಸುಗಳು ಹಳ್ಳಿಗಳಿಗೂ ಬರತೊಡಗಿದ್ದ ಕಾಲ ಅದು. ಮಗಳು ನವ್ಯಶ್ರೀ ಅಲ್ಲೊಂದು ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದಳು. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಬಸ್ಸು. ಸೋಮವಾರ ಅವಳ ಜೊತೆ ನಿಂತು ನೋಡಿದ: ಬಸ್ಸು ನಾಲ್ಕು ನಿಮಿಷ ತಡ. ಮಂಗಳವಾರ ಎಂಟು. ಬುಧವಾರ ಹನ್ನೆರಡು.

"ಏನ್ಲಾ ಜಯಕುಮಾರ, ದಿನಾ ನಾಕ್ನಾಕು ನಿಮಿಷ ಜಾಸ್ತಿ ಮಲಗ್ತೀಯಾ?" ಎಂದು ಡ್ರೈವರನ್ನು ಕೇಳಿದ.

"ಸರ್ಯಾಗೇ ಬಂದಿವ್ನಿ ಕಣಣ್ಣೋ."

"ನಿನ್ ಗಡಿಯಾರ ಎಷ್ಟು ಹಳೇದು?"

"ಬಸ್ಸಿನಷ್ಟೇ."

"ನಂದು ಹೊಸದು," ಎಂದ ಬೋರಲಿಂಗಯ್ಯ. ಅಲ್ಲಿಗೆ ವಾದ ಮುಗಿಯಿತು. ಮೂರೂ ದಿನದ ಲೆಕ್ಕ ಬರೆದು, ಸಹಿ ಹಾಕಿ, ಕಾರ್ಖಾನೆಯ ಮ್ಯಾನೇಜರಿಗೆ ಅಂಚೆಗೆ ಹಾಕಿದ.

"ಆ ಹುಡುಗನ ಹೊಟ್ಟೆ ಮ್ಯಾಲೆ ಯಾಕೆ ಹೊಡೀತೀರಾ?" ಎಂದಳು ಹೆಂಡತಿ ಕಾವೇರಮ್ಮ.

"ಕಂಡಿದ್ದು ಬರೆದಿವ್ನಿ."

ಶನಿವಾರ ಸಂಜೆ ವಾರ್ತೆಯ ಹೊತ್ತಿಗೆ ರೇಡಿಯೋ ಹಾಕಿದರೆ ಹಾಡು ಬರುತ್ತಿತ್ತು. ಆಮೇಲೆ ಭತ್ತದ ರೋಗದ ಬಗ್ಗೆ ಒಬ್ಬರು ಮಾತಾಡಿದರು. ವಾರ್ತೆ ಶುರುವಾದಾಗ ವಾಚಿನ ಪ್ರಕಾರ ಇಪ್ಪತ್ತನಾಲ್ಕು ನಿಮಿಷ ಕಳೆದಿತ್ತು. ಬೋರಲಿಂಗಯ್ಯ ವಾರ್ತೆಯ ಒಂದಕ್ಷರವನ್ನೂ ಕೇಳಿಸಿಕೊಳ್ಳಲಿಲ್ಲ. ಡ್ರೈವರು ಮಲಗಿಬಿಡಬಹುದು, ರೇಡಿಯೋ ಮಲಗುವುದಿಲ್ಲ.

ಮರುದಿನ ಚನ್ನಪಟ್ಟಣದಲ್ಲಿ ವಾಚು ರಿಪೇರಿಯ ಮೆಹಬೂಬ್ ಒಂದು ಪುಟ್ಟ ದಿಕ್ಸೂಚಿಯನ್ನು ವಾಚಿನ ಹತ್ತಿರ ಹಿಡಿದ. ಅದರ ಮುಳ್ಳು ಗಿರಕಿ ಹೊಡೆಯಿತು.

"ಆಯಸ್ಕಾಂತ ತಗುಲೈತೆ. ಒಳಗಿನ ಸಣ್ಣ ಸ್ಪ್ರಿಂಗ್ ಸುರುಳಿ ಒಂದಕ್ಕೊಂದು ಅಂಟ್ಕೊಂಡು ಅವಸರ ಮಾಡ್ತೈತೆ. ರಾತ್ರಿ ಎಲ್ಲಿಡ್ತೀರಿ?"

"ರೇಡಿಯೋ ಮ್ಯಾಲೆ."

"ಸ್ಪೀಕರಿನಾಗೆ ಇರೋದೇ ಆಯಸ್ಕಾಂತ ಅಣ್ಣ."

ಆಯಸ್ಕಾಂತದ ಗುಣ ಇಳಿಸುವ ಕರೆಂಟಿನ ಒಂದು ಪೆಟ್ಟಿಗೆಯ ಮೇಲೆ ವಾಚನ್ನು ಆಡಿಸಿ ಕೊಟ್ಟ. "ಇನ್ನು ದಿನಕ್ಕೆ ಅರ್ಧ ನಿಮಿಷ ಹೆಚ್ಚುಕಮ್ಮಿ. ಕೀ ವಾಚು ಅಂದ್ಮೇಲೆ ಅಷ್ಟು ಇರ್ತದೆ."

ಸೋಮವಾರ ಬೆಳಿಗ್ಗೆ ಬಸ್ಸು ಸರಿಯಾಗಿ ಆರೂ ಇಪ್ಪತ್ತಕ್ಕೆ ಬಂತು. ಬೋರಲಿಂಗಯ್ಯ ಕಿಟಕಿಯ ಹತ್ತಿರ ಹೋದ.

"ತಪ್ಪು ನಂದು ಕಣಪ್ಪ. ಕಾಗದ ಬರೆದ್ಬುಟ್ಟೆ."

"ಮ್ಯಾನೇಜರು ಕರೆಸಿ ಓದಿದ್ರು," ಎಂದ ಜಯಕುಮಾರ್. "ಅಕ್ಷರ ದುಂಡಗದೆ ಅಂದ್ರು. ನಾಳೆಯಿಂದ ಬಸ್ಸು ಆರೂ ಎಂಟಕ್ಕೆ."

"ಯಾಕೆ?"

"ಹನ್ನೆರಡು ನಿಮಿಷ ತಡ ಅಂತ ಬರೆದಿದ್ರಲ್ಲ. ಅದಕ್ಕೆ ಹನ್ನೆರಡು ನಿಮಿಷ ಮುಂಚೆ."

ಹಿಂದೆ ನಿಂತಿದ್ದ ಏಳು ಹುಡುಗಿಯರು ಬೋರಲಿಂಗಯ್ಯನನ್ನು ನೋಡಿದರು. ನವ್ಯಶ್ರೀ ಬಸ್ಸಿನ ಟೈರು ನೋಡಿದಳು.

ಅಂದೇ ಅವನು ಎರಡನೆಯ ಕಾಗದ ಬರೆದ. ತನ್ನ ವಾಚು, ರೇಡಿಯೋ, ಆಯಸ್ಕಾಂತ ಯಾವುದನ್ನೂ ಮುಚ್ಚಿಡಲಿಲ್ಲ. ಎರಡು ವಾರದ ಮೇಲೆ ಟೈಪ್ ಮಾಡಿದ ಉತ್ತರ ಬಂತು: ಸಾರ್ವಜನಿಕರ ಕೋರಿಕೆಯಂತೆ ವೇಳೆ ಬದಲಿಸಲಾಗಿದೆ, ಮುಂದಿನ ಪರಿಶೀಲನೆ ಏಪ್ರಿಲ್‌ನಲ್ಲಿ. ಆಗಿನ್ನೂ ನವೆಂಬರ್.

ಮರುದಿನ ಬೋರಲಿಂಗಯ್ಯ ಐದಕ್ಕೇ ಎದ್ದು ತಾನೇ ಒಲೆ ಹಚ್ಚಿ, ದೊಡ್ಡ ಕ್ಯಾನಿನಲ್ಲಿ ಕಾಫಿ ತುಂಬಿಸಿಕೊಂಡು ಬಸ್ಸಿನ ಜಾಗಕ್ಕೆ ಹೋದ. ಮೊದಲ ದಿನ ಹುಡುಗಿಯರು ಬೇಡವೆಂದರು. ಚಳಿ ಹೆಚ್ಚಾದ ಮೇಲೆ ಲೋಟ ಚಾಚಿದರು. ಜಯಕುಮಾರನೂ ಇಳಿದು ಬಂದು ಒಂದು ಲೋಟ ಕುಡಿದ.

"ಒಸಿ ಸಕ್ಕರೆ ಜಾಸ್ತಿ ಹಾಕಣ್ಣೋ," ಎಂದ.