ಏಳನೇ ಷರತ್ತು

ದೋಹಾದಲ್ಲಿ ನಮ್ಮ ಭಾನುವಾರ ಶುಕ್ರವಾರ ಬರುತ್ತದೆ. ಮೂವತ್ತು ವರ್ಷ ಹೀಗೇ ಕಳೆದು, ರಜೆಯಲ್ಲಿ ಊರಿಗೆ ಹೋದಾಗ ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಕೇಳಿದರೆ ಯಾರು ತೀರಿಕೊಂಡರಪ್ಪಾ ಎಂದು ನನಗೆ ಗಾಬರಿಯಾಗುತ್ತದೆ.

ಮೆಸೈಮೀರಿನ ಚರ್ಚ್ ಆವರಣದಲ್ಲಿ ನಮ್ಮ ಕನ್ನಡ ಆರಾಧನೆಗೆ ಒಂದು ಕೋಣೆ, ಒಂದೂವರೆ ಗಂಟೆ. ನಮಗಿಂತ ಮೊದಲು ತಮಿಳರು, ಆಮೇಲೆ ಮಲಯಾಳಿಗಳು. ನಾವು ಕೊನೆಯ ಗೀತೆಯ ಕೊನೆಯ ಚರಣದಲ್ಲಿರುವಾಗಲೇ ಅವರು ಬಾಗಿಲಲ್ಲಿ ನಿಂತು ವಾಚು ನೋಡಲು ಶುರು ಮಾಡುತ್ತಾರೆ. ನಮಗೆ ಇಲ್ಲಿ ಸ್ವಂತ ಅಯ್ಯ ಇಲ್ಲ. ಕರಾವಳಿಯ ಪ್ರಾಟೆಸ್ಟಂಟರಾದ ನಾವು ಪಾದ್ರಿಯನ್ನು ಕರೆಯುವುದು ಅಯ್ಯ ಎಂದು. ಪ್ರಾರ್ಥನೆ ನಡೆಸುವವನು ನಾನು, ರಿಚರ್ಡ್ ಕರ್ಕಡ. ವಾರದ ಉಳಿದ ದಿನ ಕಟ್ಟಡ ಕಂಪೆನಿಯೊಂದರಲ್ಲಿ ಕಾಗದಪತ್ರ ಕಾಯುವ ಕೆಲಸ. ಯಾವ ಕಾಗದ ಯಾವ ಫೈಲಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ನನ್ನ ಮನೆಯೊಳಗೆ ಏನಿದೆ ಎಂಬುದು ಮಾತ್ರ ಎಲ್ಲರಿಗೂ ತಿಳಿದ ಮೇಲೆ ನನಗೆ ತಿಳಿಯುತ್ತದೆ.

ನವೆಂಬರಿನ ಮೊದಲ ಶುಕ್ರವಾರ ಆರಾಧನೆ ಮುಗಿಸಿ ಕಾರು ಹತ್ತುವಷ್ಟರಲ್ಲಿ ಊರಿನಿಂದ ಸಂಕಪ್ಪಣ್ಣನ ಫೋನು ಬಂತು. ಸಂಕಪ್ಪಣ್ಣ ನಮ್ಮ ಮೂರು ಊರಿನ ಸಭೆಗಳ ಕಾರ್ಯದರ್ಶಿ. ಪಡುಮಜಲು ಹೊಳೆಯ ಈಚೆ, ಕಲ್ಲಕಟ್ಟ ಆಚೆ, ನನ್ನ ನಡುಕುದ್ರು ಹೊಳೆಯ ಮಧ್ಯದ ನಡುಗಡ್ಡೆ. ಮೂರು ಊರು, ಮೂರು ಪುಟ್ಟ ಚರ್ಚು, ಮೂರಕ್ಕೂ ಸೇರಿ ಒಬ್ಬ ಅಯ್ಯ.

"ರಿಚರ್ಡಾ, ಅಯ್ಯನವರು ನಿವೃತ್ತಿಯಾಗಿ ಆರು ತಿಂಗಳಾಯ್ತು ಮಾರಾಯ. ಹೊಸಬರು ಯಾರೂ ಬರ್ಲಿಕ್ಕೆ ಒಪ್ಪುವುದಿಲ್ಲ. ಭಾನುವಾರ ನಾನೇ ಪುಸ್ತಕ ನೋಡಿ ಓದುವುದು. ಕೇಳುವವರಿಗೂ ಬೇಜಾರು, ನನಗೂ ಬೇಜಾರು. ನಿಮಗೆ ಎಂಥ ಅಯ್ಯ ಬೇಕು, ಯಾರು ಬಂದರೆ ಒಪ್ಪುತ್ತೀರಿ ಅಂತ ಒಂದು ಕಾಗದ ಕೊಡಿ ಅಂತ ಬಿಷಪರ ಆಫೀಸಿನಿಂದ ಹೇಳಿದ್ದಾರೆ. ಕ್ರಿಸ್ಮಸ್ ಒಳಗೆ ಯಾರೂ ಆಗದಿದ್ರೆ ಮೂರನ್ನೂ ಪೇಟೆಯ ಚರ್ಚಿಗೆ ಸೇರಿಸ್ತಾರಂತೆ. ಆಮೇಲೆ ಇಲ್ಲಿ ಬಾಗಿಲು ತೆಗೆಯುವುದು ಕ್ರಿಸ್ಮಸಿಗೊಮ್ಮೆ, ಹೆಣ ಬಂದಾಗೊಮ್ಮೆ. ಆ ಕಾಗದ ನೀನೇ ಬರಿ. ಇಲ್ಲಿಗಿಂತ ಅಲ್ಲಿಯೇ ನಮ್ಮವರು ಜಾಸ್ತಿ ಉಂಟಲ್ಲ."

ಹೀಗೆ ನಮ್ಮ ಊರಿಗೆ ಎಂಥ ಅಯ್ಯ ಬೇಕೆಂದು ನಿರ್ಧರಿಸುವ ಸಭೆ ಅದೇ ಮಧ್ಯಾಹ್ನ ಬಿನ್ ಒಮ್ರಾನಿನ ನನ್ನ ಫ್ಲ್ಯಾಟಿನಲ್ಲಿ, ಕೋರಿ ರೊಟ್ಟಿಯ ಸುತ್ತ ಸೇರಿತು. ಪಡುಮಜಲಿನ ಪರವಾಗಿ ಟೋನಿ ಸೋನ್ಸ್, ಅಲ್ ಅಜೀಜಿಯಾದಲ್ಲಿ ಎ.ಸಿ. ರಿಪೇರಿ ಅಂಗಡಿ ಇಟ್ಟವನು. ಕಲ್ಲಕಟ್ಟದ ಪರವಾಗಿ ರೋಶನ್, ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ನಡುಕುದ್ರಿಗೆ ನಾನು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಸುವರ್ಣಾ, ಬೆಟಗೇರಿಯವಳು. ನಮ್ಮ ಮೂರು ಊರಿನ ಜಗಳ ಅವಳಿಗೆ ಒಳ್ಳೆಯ ಮನರಂಜನೆ. ಒಂದು ತಿಂಗಳ ರಜೆಯಲ್ಲಿ ಬಂದಿದ್ದ ಮಗಳು ಅಕ್ಷಯಾ ರೊಟ್ಟಿ ಮುರಿಯುತ್ತ ಸುಮ್ಮನೆ ಕೂತಿದ್ದಳು.

ಟೋನಿ ಶುರು ಮಾಡಿದ. "ಮೊದಲನೆಯದು, ತುಳು ಬರ್ಬೇಕು. ಎರಡನೆಯದು, ಬೈಕ್ ಬಿಡ್ಲಿಕ್ಕೆ ಬರ್ಬೇಕು. ಮೂರನೆಯದು, ದೊಡ್ಡ ಸ್ವರ ಬೇಕು. ಥಿಯೋಡೋರ್ ಅಯ್ಯ ಆಶೀರ್ವಾದ ಹೇಳಿದ್ರೆ ಹೊಳೆ ಆಚೆಗೆ ಕೇಳ್ತಿತ್ತು."

ನಮ್ಮ ಬಾಲ್ಯದ ಥಿಯೋಡೋರ್ ಅಯ್ಯನ ಹೆಸರು ಬಂದದ್ದೇ ತಡ, ಸಭೆ ಹಳಿ ತಪ್ಪಿತು. ನಾವು ಮೂವರೂ ಮಾತಿನಲ್ಲೇ ಊರಿಗೆ ಹೋಗಿಬಿಟ್ಟೆವು. ಬೆಳಿಗ್ಗೆ ಏಳಕ್ಕೆ ಒಂದು ಚರ್ಚು, ಒಂಬತ್ತೂವರೆಗೆ ಇನ್ನೊಂದು, ಹನ್ನೆರಡಕ್ಕೆ ಮೂರನೆಯದು. ಯಾವ ಊರು ಕೊನೆಯದೋ ಅಲ್ಲಿ ಅಯ್ಯನ ಊಟ. ಮೂರು ವಾರಕ್ಕೊಮ್ಮೆ ಬರುವ ಆ ಸರದಿಗೆ ನಮ್ಮಮ್ಮ ವಾರವಿಡೀ ಮೊಟ್ಟೆ ಅಡಗಿಸಿಡುತ್ತಿದ್ದಳು. ನಮ್ಮ ಕೈಗೆ ಸಿಗದ ಜಾಗ ಹುಡುಕಿ ಹುಡುಕಿ ಕೊನೆಗೆ ಎಲ್ಲಿಟ್ಟೆನೆಂದು ತಾನೇ ಮರೆಯುತ್ತಿದ್ದಳು. ಕುದ್ರಿನಲ್ಲಿ ಗಂಟೆ ಹೊಡೆಯುತ್ತಿದ್ದುದು ಗಡಿಯಾರ ನೋಡಿ ಅಲ್ಲ, ದುಗ್ಗುವಿನ ದೋಣಿಯಲ್ಲಿ ಅಯ್ಯನ ಬಿಳಿ ನಿಲುವಂಗಿ ಕಂಡಾಗ. ದುಗ್ಗು ನಮ್ಮ ಸಭೆಯವನಲ್ಲ. ಆದರೆ ಅಯ್ಯನ ಅಂಗಿಗೆ ಕೆಸರು ಹಾರಿದರೆ ಅವನಿಗೇ ಮೊದಲು ಸಿಟ್ಟು ಬರುತ್ತಿತ್ತು. ಈಸ್ಟರಿನ ಬೆಳಕು ಹರಿಯುವ ಮೊದಲು ಮೂರೂ ಊರಿನವರು ಕುದ್ರಿನ ಸಮಾಧಿಗಳ ನಡುವೆ ಮೇಣದ ಬತ್ತಿ ಹಿಡಿದು ನಿಲ್ಲುತ್ತಿದ್ದೆವು. ಹೊಳೆಯ ಗಾಳಿಗೆ ಬತ್ತಿ ಆರುತ್ತಿತ್ತು, ಪಕ್ಕದವರು ಹಚ್ಚಿಕೊಡುತ್ತಿದ್ದರು. ಇದನ್ನೆಲ್ಲ ಹೇಳುವಾಗ ನನಗೆ ಎದೆ ತುಂಬಿ ಬರುತ್ತದೆ. ಬಂದರೆ ಬರಲಿ, ಅದರಲ್ಲಿ ನಾಚಿಕೆ ಏನಿದೆ.

ಆರು ಷರತ್ತು ಆಗುವ ಹೊತ್ತಿಗೆ ರೋಶನ್ ನಕ್ಕ. "ಅಂಕಲ್, ಇದು ಥಿಯೋಡೋರ್ ಅಯ್ಯನ ಬಯೋಡಾಟಾ ಆಯ್ತಲ್ಲ. ಅವರು ಸತ್ತು ಇಪ್ಪತ್ತೈದು ವರ್ಷ ಆಯ್ತು. ಈಗ ಕುದ್ರಿಗೆ ಸೇತುವೆ ಉಂಟು, ರಿಕ್ಷಾ ಬರ್ತದೆ."

"ನೀನು ಸುಮ್ಮನಿರು. ಆರು ಸಾಕು, ಖಲಾಸ್. ರಿಚರ್ಡ್, ನಾಳೆ ಟೈಪ್ ಮಾಡಿ ಕಳಿಸು," ಎಂದು ಟೋನಿ ಎದ್ದ.

ಮರುದಿನ ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ತೆರೆದು ಕೂತಿದ್ದಾಗ ಅಕ್ಷಯಾ ಚಹಾ ತಂದಿಟ್ಟು ಎದುರಿಗೆ ಕೂತಳು. ಇವಳ ಬಗ್ಗೆ ಒಂದಿಷ್ಟು ಹೇಳಬೇಕು. ಹುಟ್ಟಿ ಬೆಳೆದದ್ದು ದೋಹಾದಲ್ಲಿ. ಬಿ.ಕಾಂ. ಮುಗಿಸಿ ಒಳ್ಳೆಯ ಆಫೀಸು ಸೇರಬೇಕಾದವಳು ಮಂಗಳೂರಿಗೆ ಹೋಗಿ ದೇವಶಾಸ್ತ್ರ ಓದಿ, ದೀಕ್ಷೆ ಪಡೆದು, ಹಾಸನದ ಕಡೆ ಒಂದು ಪೇಟೆಯ ಚರ್ಚಿನಲ್ಲಿ ಸಹಾಯಕಿಯಾಗಿದ್ದಾಳೆ. ನನ್ನ ಲೆಕ್ಕದಲ್ಲಿ ಮುಂದೆ ಬೆಂಗಳೂರಿನ ದೊಡ್ಡ ಇಂಗ್ಲಿಷ್ ಚರ್ಚು, ಮೈಕು, ಗಾಯನ ವೃಂದ. ನನ್ನ ಲೆಕ್ಕ ಯಾವತ್ತೂ ಸರಿಯಾದದ್ದಿಲ್ಲ.

"ಪಪ್ಪಾ, ನಿನ್ನೆಯೇ ಹೇಳ್ಬೇಕಿತ್ತು. ಎಲ್ರೂ ಇದ್ರು ಅಂತ ಬಿಟ್ಟೆ. ಬಿಷಪ್ ನನ್ನನ್ನು ಕೇಳಿದ್ರು, ಎಲ್ಲಿಗೆ ಹೋಗ್ತೀಯ ಅಂತ. ನಾನು ನಮ್ಮ ಮೂರು ಊರು ಅಂದೆ. ಆ ಲೆಟರ್ ಹೋದ ಮೇಲೆ ಡಿಸೈಡ್ ಮಾಡ್ತಾರೆ."

ನಾನು ಬಾಯಿ ಬಿಚ್ಚಿದೆ, ಬಿಚ್ಚಬಾರದಿತ್ತು. ಅಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದೆ. ಅಯ್ಯನ ಮನೆಯ ಮಾಡು ಸೋರುತ್ತದೆ, ಹಾವು ಬರುತ್ತದೆ, ಒಬ್ಬಳೇ ಇರುವುದು ಹೇಗೆ ಎಂದೆ.

"ನೀವೇ ಅಲ್ವಾ ಪಪ್ಪಾ, ನನಗೆ ಊಟ ಮಾಡಿಸುವಾಗೆಲ್ಲ ಆ ಊರಿನ ಕತೆ ಹೇಳಿದ್ದು? ಮೊಟ್ಟೆ, ದೋಣಿ, ಬೆಲ್. ಅಷ್ಟು ಒಳ್ಳೆ ಊರಿಗೆ ಯಾರಾದ್ರೂ ಹೋಗ್ಬೇಕಲ್ಲ."

ನಾನು ಹೇಳಿದ್ದು ಅವಳು ಕೇಳಲಿ ಎಂದು, ಹೋಗಲಿ ಎಂದಲ್ಲ. ಇದನ್ನು ಮಗಳ ಮುಖ ನೋಡಿ ಹೇಳುವ ಧೈರ್ಯ ಯಾವ ಅಪ್ಪನಿಗೂ ಇರುವುದಿಲ್ಲ. ನಮ್ಮ ಚರ್ಚಿನ ಬಾಗಿಲು ಮುಚ್ಚಬಾರದು ಎಂದು ನನಗೆ ನಿಜವಾಗಿ ಇತ್ತು. ಆದರೆ ತೆರೆಯುವವರು ಬೇರೆ ಯಾರದೋ ಮಕ್ಕಳಾಗಬೇಕಿತ್ತು. ಅವಳು ಸ್ನಾನಕ್ಕೆ ಹೋದ ಮೇಲೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತು, ಆರು ಷರತ್ತುಗಳ ಕೆಳಗೆ ಏಳನೆಯದೊಂದನ್ನು ನಾನೇ ಸೇರಿಸಿದೆ.

"ನಮ್ಮ ಮೂರು ಸಭೆಗಳ ಪದ್ಧತಿಯಂತೆ, ಸಮಾಧಿಯ ಗುಂಡಿಗೆ ಮೊದಲ ಮೂರು ಪಿಕ್ಕಾಸಿನ ಏಟು ಅಯ್ಯನವರೇ ಹಾಕತಕ್ಕದ್ದು. ಅದಕ್ಕೆ ತಕ್ಕ ದೇಹಬಲ ಇರುವವರೇ ಬರತಕ್ಕದ್ದು."

ಪದ್ಧತಿ ಸುಳ್ಳಲ್ಲ. ನಮ್ಮಜ್ಜನ ಕಾಲದ ವಾಂತಿಭೇದಿಯ ವರ್ಷ ಹೆಣ ಮುಟ್ಟಲು, ಗುಂಡಿ ತೋಡಲು ಯಾರೂ ಬಾರದೆ, ಆಗಿನ ಅಯ್ಯನೊಬ್ಬರೇ ಕೆಂಪು ಮುರಕಲ್ಲಿನ ಗಟ್ಟಿ ನೆಲ ಅಗೆದು ಹನ್ನೊಂದು ಜನರನ್ನು ಮಣ್ಣು ಮಾಡಿದರಂತೆ. ಅಂದಿನಿಂದ ಯಾರೇ ಸತ್ತರೂ ಮೊದಲ ಮೂರು ಏಟು ಅಯ್ಯನದು, ಉಳಿದದ್ದು ಊರವರದು. ಬೇರೆಲ್ಲೂ ಇದಿಲ್ಲ. ನಮ್ಮ ಮುರಕಲ್ಲಿಗೆ ಪಿಕ್ಕಾಸು ಬಿದ್ದರೆ ಗಂಡಸರ ಭುಜವೇ ಜುಮ್ಮೆನ್ನುತ್ತದೆ. ಐದಡಿಯೂ ಇಲ್ಲದ ನನ್ನ ಮಗಳಿಗೆ ಇದು ಆಗುವ ಮಾತಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಬರೆದೆ.

ಬರೆಯುವಾಗ ಅಮ್ಮನ ನೆನಪು ಬಾರದೆ ಇರಲಿಲ್ಲ. 2021ರ ಮೇ ತಿಂಗಳಲ್ಲಿ ಅಮ್ಮ ಕೊರೊನಾದಲ್ಲಿ ಹೋದಳು. ನನಗೆ ದೋಹಾ ಬಿಟ್ಟು ಹೋಗುವ ದಾರಿ ಇರಲಿಲ್ಲ. ಆಗಿದ್ದ ಅಯ್ಯನವರೂ ಅದೇ ಕಾಯಿಲೆಯಲ್ಲಿ ಆಸ್ಪತ್ರೆಯಲ್ಲಿದ್ದರು. ಸಂಕಪ್ಪಣ್ಣ ದೂರದಲ್ಲಿ ನಿಂತು ಮೊಬೈಲಿನಲ್ಲಿ ತೋರಿಸಿದ್ದನ್ನು ನಾನು ಇದೇ ಕುರ್ಚಿಯಲ್ಲಿ ಕೂತು ನೋಡಿದೆ. ತಲೆಯಿಂದ ಕಾಲಿನವರೆಗೆ ಬಿಳಿ ಕಿಟ್ಟು ತೊಟ್ಟ ನಾಲ್ವರು. ಒಬ್ಬರ ಮುಖವೂ ಕಾಣದು. ಅವರಲ್ಲಿ ಕುಳ್ಳಗಿನವನೊಬ್ಬ ಪಿಕ್ಕಾಸು ಎತ್ತಿ ಒಂದು ಹಾಕಿದ, ಎರಡು ಹಾಕಿದ. ಮೂರನೆಯದಕ್ಕೆ ಕೈ ಜಾರಿ ಪಿಕ್ಕಾಸು ಕೆಳಗೆ ಬಿತ್ತು. ಅವನು ಬಗ್ಗಿ ಎತ್ತಿಕೊಂಡು ನಾಲ್ಕನೆಯದನ್ನೂ ಹಾಕಿದ. ಅಯ್ಯ ಇಲ್ಲದಿದ್ದರೂ ಅಮ್ಮನಿಗೆ ಸಲ್ಲಬೇಕಾದದ್ದು ಸಂದಿತು. ಯಾರು ಎಂದು ಕೇಳಿದರೆ ಸಂಕಪ್ಪಣ್ಣ, "ಸೇವೆಗೆ ಬಂದವರು, ಬಿಡು" ಎಂದ. ಅಂದಿನಿಂದ ಪ್ರತಿ ಶುಕ್ರವಾರದ ಪ್ರಾರ್ಥನೆಯಲ್ಲಿ ನಾನು ಒಂದು ಸಾಲು ತಪ್ಪಿಸಿದವನಲ್ಲ. "ನನ್ನ ತಾಯಿಗೆ ಗುಂಡಿ ತೋಡಿದ, ಹೆಸರು ತಿಳಿಯದ ಆ ಮನುಷ್ಯನನ್ನು ಆಶೀರ್ವದಿಸು ಕರ್ತನೇ."

ಕಾಗದವನ್ನು ಸಂಕಪ್ಪಣ್ಣನ ವಾಟ್ಸಾಪಿಗೆ ಕಳಿಸಿ ಚಹಾ ಕುಡಿದೆ. ತಣ್ಣಗಾಗಿತ್ತು.

ಗುರುವಾರ ಸಂಜೆ ಆಫೀಸಿನಿಂದ ಬಂದು ಶೂ ಬಿಚ್ಚುವಾಗ ಅವನ ಫೋನು ಬಂತು. ಸುವರ್ಣಾ, ಅಕ್ಷಯಾ ಇಬ್ಬರೂ ಅಲ್ಲೇ ಇದ್ದರು. ಶೂವಿನ ಲೇಸು ಕೈಯಲ್ಲಿದ್ದುದರಿಂದ ಸ್ಪೀಕರಿನಲ್ಲಿ ಹಾಕಿದೆ. ಅದೇ ನನ್ನ ಕರ್ಮ.

"ರಿಚರ್ಡಾ, ನಿನ್ನ ಕಾಗದ ಓದಿದೆ. ಮೂರು ಊರಿನವರಿಗೂ ಓದಿ ಹೇಳಿದೆ. ಆರು ಷರತ್ತು ಹೊಡೆದು ಹಾಕು ಅಂತ ಎಲ್ಲರ ಅಭಿಪ್ರಾಯ. ತುಳು ಎಲ್ಲ ಬಂದ ಮೇಲೆ ಕಲಿಯಬಹುದು. ಏಳನೆಯದು ಒಂದು ಇರ್ಲಿ."

"ಏಳನೆಯದು ಇರಲೇಬೇಕು ಸಂಕಪ್ಪಣ್ಣ," ಎಂದೆ, ಮಗಳ ಕಡೆ ನೋಡದೆ.

"ಅದೇ ಹೇಳಿದ್ದು. ನೀನು ಅದನ್ನು ಬರೆದದ್ದು ನೋಡಿ ನನಗೆ ಸಂತೋಷ ಆಯ್ತು. ಅಂತೂ ಮಗಳು ನಿನಗೆ ಹೇಳಿದ್ಲು ಅಂತಾಯ್ತು. ಮನೆಯಲ್ಲಿ ಹೇಳ್ಬೇಡಿ ಅಂಕಲ್ ಅಂತ ಆವತ್ತು ನನ್ನ ಕೈ ಹಿಡಿದುಕೊಂಡಿದ್ಲು. ನಾನು ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ."

"ಯಾವತ್ತು? ಏನು ಹೇಳಬೇಕಿತ್ತು?"

"ನಿನಗೆ ಗೊತ್ತಿಲ್ವಾ ಹಾಗಾದ್ರೆ? ನಿನ್ನಮ್ಮನ ಗುಂಡಿಗೆ ಮೊದಲ ಏಟು ಹಾಕಿದ್ದು ಯಾರು ಅಂತ ಮಾಡಿದ್ದಿ? ನಮ್ಮ ಅಕ್ಷಯಾ. ಕಾಲೇಜಿನಿಂದ ಅಕ್ಕಿ ಹಂಚುವ ವ್ಯಾನಿನಲ್ಲಿ ಬಂದಿದ್ಲು. ಅಯ್ಯ ಇಲ್ಲ, ಅಜ್ಜಿಗೆ ಯಾರೂ ಹಾಕದಿದ್ರೆ ಹೇಗೆ ಅಂತ ಕೇಳಿದ್ಲು. ಆಮೇಲೆ ಕಿಟ್ಟು ಹಾಕಿದ್ಲು. ಊರಲ್ಲಿ ಎಲ್ಲರಿಗೂ ಗೊತ್ತುಂಟು. ಅದಕ್ಕೇ ಮೊನ್ನೆ ಬಿಷಪರ ಆಫೀಸಿನಿಂದ ಇವಳ ಹೆಸರು ಬಂದಾಗ ಇಲ್ಲಿ ಒಬ್ಬನೂ ಎರಡು ಮಾತು ಆಡ್ಲಿಲ್ಲ."

ಫೋನು ಹೇಗೆ ಇಟ್ಟೆನೋ ತಿಳಿಯದು. ಒಂದು ಕಾಲಿಗೆ ಶೂ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಸುವರ್ಣಾ ಮಗಳ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಅಂದಿನ ಬೊಬ್ಬೆ ಇನ್ನೂ ಇರಬಹುದೇನೋ ಎನ್ನುವಂತೆ.

"ಹಾಸ್ಟೆಲ್ ಬಿಟ್ಟು ಹೊರಗ ಕಾಲಿಡಬ್ಯಾಡ ಅಂತ ದಿನಾ ಫೋನ್ ಮಾಡಿ ಹೇಳತಿದ್ನಲ್ಲ ನಾ, ಹೂಂ ಅಂತಿದ್ದಿ," ಎಂದಳು. ಬೈಗುಳ ಅರ್ಧಕ್ಕೆ ನಿಂತು ಅಳು ಬಂತು.

"ನಾಲ್ಕು ಯಾಕೆ ಹಾಕಿದೆ?" ನನ್ನ ಬಾಯಿಂದ ಬಂದದ್ದು ಇದೊಂದೇ ಪ್ರಶ್ನೆ.

"ಮೂರನೇದು ಸರಿ ಬೀಳ್ಲಿಲ್ಲ ಪಪ್ಪಾ. ಗ್ಲೌಸ್ ಜಾರ್ತಿತ್ತು. ಅಜ್ಜಿಗೆ ಅರ್ಧಂಬರ್ಧ ಕೆಲಸ ಆಗ್ತಿರ್ಲಿಲ್ಲ ಅಲ್ವಾ."

"ನಾಲ್ಕು ವರ್ಷ ನನ್ನ ಪ್ರಾರ್ಥನೆ ಕೇಳುತ್ತ ಕೂತಿದ್ದೀಯಲ್ಲ, ರಜೆಯಲ್ಲಿ ಬಂದಾಗೆಲ್ಲ. ಒಂದು ದಿನ ಹೇಳಬಾರದಿತ್ತೇ?"

"ನೀವು ಆ ಮನುಷ್ಯನಿಗೆ ಅಷ್ಟು ಚೆನ್ನಾಗಿ ಪ್ರಾರ್ಥನೆ ಮಾಡ್ತಿದ್ರಿ. ನಾನು ಅಂತ ಗೊತ್ತಾದ್ರೆ ಬೈತಿದ್ರಿ."

ನಿಜ. ಬೈಯುತ್ತಿದ್ದೆ. ಪರರ ಮಗುವಾದರೆ ಆಶೀರ್ವಾದ, ನನ್ನ ಮಗುವಾದರೆ ಬೈಗುಳ, ಇಷ್ಟೇ ನನ್ನ ಭಕ್ತಿ. ಲ್ಯಾಪ್‌ಟಾಪ್ ತೆರೆದು ಆರು ಷರತ್ತು ಅಳಿಸಿದೆ. ಏಳನೆಯದನ್ನು ಒಂದನೆಯದು ಮಾಡಿ, ದೇಹಬಲದ ಸಾಲು ತೆಗೆದೆ. ಕೆಳಗೆ, ಕುಮಾರಿ ಅಕ್ಷಯಾ ಕರ್ಕಡ ಬಂದರೆ ಮೂರು ಸಭೆಗಳೂ ಒಪ್ಪುತ್ತವೆ ಎಂದು ಟೈಪ್ ಮಾಡಿದೆ. ಅಯ್ಯನ ಮನೆಯ ಮಾಡು ಮೊದಲು ರಿಪೇರಿಯಾಗಬೇಕು ಎಂದೂ ಸೇರಿಸಿ ಸಂಕಪ್ಪಣ್ಣನಿಗೆ ಕಳಿಸಿದೆ. ಅಪ್ಪನೆಂಬ ಕಾರಣಕ್ಕೆ ಅಷ್ಟು ಹಕ್ಕು ಇರಲಿ.

ಮರುದಿನ ಶುಕ್ರವಾರ. ಮೆಸೈಮೀರಿನ ಕೋಣೆಯಲ್ಲಿ ಮುಂದಿನ ಸಾಲಿನಲ್ಲಿ ಟೋನಿ, ಹಿಂದೆ ರೋಶನ್, ಕೊನೆಯ ಸಾಲಿನಲ್ಲಿ ಸುವರ್ಣಾ, ಅಕ್ಷಯಾ. ಪ್ರಾರ್ಥನೆ ಮಾಡುತ್ತ ಮಾಡುತ್ತ ಎಂದಿನ ಸಾಲಿಗೆ ಬಂದೆ. "ನನ್ನ ತಾಯಿಗೆ ಗುಂಡಿ ತೋಡಿದ..." ಎಂದೆ. ಈಗ ಹೆಸರು ಗೊತ್ತಿತ್ತು. ಹೇಳುವ ಬದಲು ಕಣ್ಣು ತೆರೆದು ಕೊನೆಯ ಸಾಲಿನ ಕಡೆ ನೋಡಿದೆ. ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಿದ್ದರು. ಬಾಗಿಲಲ್ಲಿ ಮಲಯಾಳಿಗಳು ಬಂದು ನಿಂತಿದ್ದರು. ಆ ದಿನ ಅವರೂ ವಾಚು ನೋಡಲಿಲ್ಲ.

ಕೊನೆಯ ಸಾಲಿನಿಂದ ಸುವರ್ಣಾಳ ದನಿ ಕೇಳಿತು. "ನಮ್ಮ ಅಕ್ಷಯಾನ್ನ ಆಶೀರ್ವಾದ ಮಾಡಪಾ ಕರ್ತನೇ."

ನಾನು ಆಮೆನ್ ಎಂದೆ.