ಹತ್ಯಾರ ಹದಿನಾಲ್ಕು

ನಲವತ್ತೆಂಟರ ಆ ಬೇಸಿಗೆಯಲ್ಲಿ ಭೀಮಶಾನ ಭೋಂಗಾದೊಳಗಿಂದ ರಜಾಕಾರರು ಮಾತಾಡಿದ್ದರು. ಸಪ್ಟೆಂಬರಿನ ಕೊನೆಗೆ ಅದೇ ಭೋಂಗಾದೊಳಗಿಂದ ಅವರನ್ನು ಹಿಡಿಯಲು ಬಂದ ಮಿಲಿಟರಿ ಮಾತಾಡಿತು. ಇದರಿಂದ ಭೋಂಗಾಕ್ಕೆ ಏನೂ ಆಗಲಿಲ್ಲ. ತನಗೂ ಏನೂ ಆಗಿಲ್ಲ ಎಂದೇ ಭೀಮಶಾ ತಿಳಿದಿದ್ದ.

ಕಲಬುರಗಿಯಲ್ಲಿ ರೋಜಾ ದರ್ಗಾಕ್ಕೆ ಹೋಗುವ ಗಲ್ಲಿಯಲ್ಲಿ ಅವನ ಅಂಗಡಿ. ಬ್ಯಾಟರಿಯ ಮೇಲೆ ನಡೆಯುವ ಒಂದು ಮಷೀನು, ಒಂದು ಮೈಕು, ದನಿ ದೊಡ್ಡದು ಮಾಡುವ ಒಂದು ತಗಡಿನ ಭೋಂಗಾ. ಉರುಸಿನ ಗದ್ದಲದಲ್ಲಿ ತಪ್ಪಿಸಿಕೊಂಡವರ ಹೆಸರು ಕೂಗುವುದು, ಮದುವೆ ಮನೆಯಲ್ಲಿ ಹಾಡು ಹಚ್ಚುವುದು ಅವನ ಕೆಲಸ. ಮಷೀನಿಗೆ ಸಾಗವಾನಿಯ ಪೆಟ್ಟಿಗೆ ಮಾಡಿಕೊಟ್ಟವನು ಅವನ ಊರು ಕಮಲಾಪುರದ ಬಡಿಗ ಮಲಂಗಸಾಬ. ಮೂಲೆಗೆ ಮೂಲೆ ಹಲ್ಲು ಕೂಡಿಸಿ, ಒಂದೂ ಮೊಳೆ ಹೊಡೆಯದೆ ಮಾಡಿದ ಪೆಟ್ಟಿಗೆ ಅದು. ಮಾಡಿ ಮುಗಿಸಿ, ಮುಚ್ಚಳ ಹಾಕಿ, ಕಿವಿ ಹಚ್ಚಿ ಕೇಳಿ, "ಇದರಾಗ ಕುಂತು ಯಾರು ಮಾತಾಡ್ತಾರೋ ಭೀಮ್ಯಾ? ಗಾಳಿ ಬಿಡಬೇಕೋ ಬ್ಯಾಡೋ?" ಎಂದು ನಕ್ಕಿದ್ದ.

ಮಿಲಿಟರಿಯ ಜೀಪು ಅಂಗಡಿಯ ಮುಂದೆ ನಿಂತಾಗ ಭೀಮಶಾನಿಗೆ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು. ಸೋಲಾಪುರದ ಕಡೆಯಿಂದ ಟ್ಯಾಂಕು ತಂದವರಿಗೂ ತನ್ನ ಭೋಂಗಾ ಬೇಕಾಯಿತಲ್ಲ! ಕ್ಯಾಪ್ಟನ್ ಉತ್ತರದವನು, ಸಣ್ಣ ದನಿಯ ಮನುಷ್ಯ. ಉರ್ದುವಿನಲ್ಲಿ ಬರೆದ ಒಂದು ಕಾಗದ ಕೈಗೆ ಕೊಟ್ಟು, ಕಮಲಾಪುರದಲ್ಲಿ ಇದನ್ನು ಜನರ ಭಾಷೆಯಲ್ಲಿ ಹೇಳಬೇಕು ಅಂದ. ಭೀಮಶಾ ಅದು ತನ್ನೂರೇ ಅಂದ. "ಬಹುತ್ ಅಚ್ಛಾ," ಅಂದ ಕ್ಯಾಪ್ಟನ್.

ಕಮಲಾಪುರದ ಚಾವಡಿಯ ಮಾಳಿಗೆಯ ಮೇಲೆ ಭೋಂಗಾ ಏರಿತು. ಭೀಮಶಾ ಮೈಕು ಹಿಡಿದು, ಎರಡು ಸಲ ಊದಿ, ಹೇಳಿದ:

"ಊರ ಮಂದಿ ಕೇಳ್ರೀ! ಯಾರ ಯಾರ ಬಲ್ಲಿ ಹತ್ಯಾರ ಅದಾವೋ, ಅವರೆಲ್ಲಾ ನಾಳಿ ಸಂಜೀ ಒಳಗ ಚಾವಡಿಗಿ ತಂದು ಜಮಾ ಮಾಡಬೇಕು. ಮುಚ್ಚಿಟ್ಟವರಿಗಿ ಸಜಾ ಆಗ್ತದ. ತಂದವರಿಗಿ ಏನೂ ಆಗಂಗಿಲ್ಲ. ಇದು ಸರಕಾರದ ಹುಕುಂ!"

ಅವನ ದನಿ ಮನೆಗಳ ಮೇಲೆ ಹಾಯ್ದು, ಬಾಳೆಯ ತೋಟ ದಾಟಿ, ಆಚೆಯ ಜೋಳದ ಹೊಲದಲ್ಲಿ ಬಗ್ಗಿದ್ದವರನ್ನು ಎದ್ದು ನಿಲ್ಲಿಸಿತು. ಇದೇ ಊರಲ್ಲಿ ಅವನು ಕರೆದರೆ ಎರಡು ಮನೆಯ ಆಚೆ ಕೇಳುತ್ತಿರಲಿಲ್ಲ. ಮೂರು ಸಲ ಹೇಳಬೇಕೆಂದಿತ್ತು, ಅವನು ಐದು ಸಲ ಹೇಳಿದ. ಜೀಪಿನಲ್ಲೇ ಕಲಬುರಗಿಗೆ ಮರಳಿದ.

ಕಾಗದದಲ್ಲಿ ಹಥಿಯಾರ್ ಎಂದಿತ್ತು. ಅವನು ಹತ್ಯಾರ ಎಂದಿದ್ದ. ಉರ್ದುವಿನ ಹಥಿಯಾರ್ ಎಂದರೆ ಬಂದೂಕು, ತಲವಾರು. ಕಮಲಾಪುರದ ಕನ್ನಡದಲ್ಲಿ ಹತ್ಯಾರ ಎಂದರೆ ಬಡಿಗನ ಉಳಿ, ಕಮ್ಮಾರನ ಇಕ್ಕಳ, ಕೆಲಸದ ಸಾಮಾನು. ಉರ್ದು ಬಾರದವನಾಗಿದ್ದರೆ ಅರ್ಥ ಕೇಳಿಕೊಳ್ಳುತ್ತಿದ್ದ. ಭೀಮಶಾನಿಗೆ ಎರಡೂ ಬರುತ್ತಿದ್ದವು. ಅದಕ್ಕೇ ಅವನ ನಾಲಿಗೆ ಎಲ್ಲಿಯೂ ಎಡವಲಿಲ್ಲ.

ಮರುದಿನ ಚಾವಡಿಯಲ್ಲಿ ನಡೆದದ್ದನ್ನು ಅವನು ಆಮೇಲೆ ಹತ್ತು ಬಾಯಿಂದ ಕೇಳಿದ. ಹೊತ್ತು ಏರುವುದರೊಳಗೆ ಚಾವಡಿಯ ಮುಂದೆ ಪಾಳಿ ಹತ್ತಿತ್ತಂತೆ. ಮೇಜಿನ ಹಿಂದೆ ಕಾರಕೂನ ಹಣಮಂತರಾಯ. ಹದಿನೈದು ದಿನದ ಹಿಂದೆ ಅವನು ನಿಜಾಮರ ಕಾರಕೂನ, ಈಗ ಯಾರ ಕಾರಕೂನ ಎಂಬುದು ಅವನಿಗೇ ಗಟ್ಟಿಯಿಲ್ಲ. ಮೊದಲು ಬಂದವಳು ಮುದುಕಿ ಗುಂಡಮ್ಮ, ಕೈಯಲ್ಲಿ ಕುಡುಗೋಲು.

"ಯವ್ವಾ, ಇದನ್ಯಾಕ ತಂದಿ?"

"ಜ್ವಾಳಕ್ಕ ಲೇವಿ ಹಾಕಿದವರು ಕುಡುಗೋಲಿಗಿ ಬಿಡ್ತಾರೇನ್ರೀ? ಬರಕೋರಿ ಲಗೂನ, ಹೊಲಕ್ಕ ಹೋಗಬೇಕು."

"ಹೊಲಕ್ಕ ಹೋಗಿ ಏನ್ ಮಾಡ್ತಿ, ಕುಡುಗೋಲು ಇಲ್ಲೇ ಬಿಟ್ಟು?"

"ಅದನ್ನ ನಿಮ್ಮ ಸರಕಾರಕ್ಕ ಕೇಳ್ರಿ!"

ಪಾಳಿಯಲ್ಲಿದ್ದವರೆಲ್ಲ ನಕ್ಕರು. ಕಮ್ಮಾರ ಪೀರಪ್ಪ ಒಂದೇ ಒಂದು ಇಕ್ಕಳ ತಂದಿದ್ದ. ಕಬ್ಬಿಣ ಬಡಿಯುವ ಅಡಿಗಲ್ಲು ಹೊತ್ತು ತರುವುದು ತನ್ನಿಂದಾಗದು, ಬೇಕಾದರೆ ಸರಕಾರವೇ ಬಂದು ಹೊತ್ತುಕೊಂಡು ಹೋಗಲಿ ಅಂದ. ಮಲಂಗಸಾಬ ಮಾತ್ರ ತನ್ನ ಇಡೀ ಪೆಟ್ಟಿಗೆ ತಂದ. ಬಾಚಿ ಒಂದು, ಉಳಿ ಐದು, ಗರಗಸ ಎರಡು, ಕೀಸುಳಿ ಎರಡು, ಬೈರಿಗೆ, ಸುತ್ತಿಗೆ, ಅರ, ಮೂಲೆಮಟ್ಟ. ಒಂದೊಂದನ್ನೂ ಎಣ್ಣೆ ಅರಿವೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟ. ಕಾರಕೂನನ ಫಾರಂನಲ್ಲಿ ಇದ್ದದ್ದು ನಾಲ್ಕೇ ಕಾಲಂ. ಹೆಸರು, ತಂದೆಯ ಹೆಸರು, ಊರು, ಹಥಿಯಾರ್ ಎಷ್ಟು. ಏನು ಎಂದು ಕೇಳುವ ಕಾಲಂ ಇರಲಿಲ್ಲ. ಹಣಮಂತರಾಯ ಮಲಂಗಸಾಬನ ಹೆಸರಿನ ಮುಂದೆ ಹದಿನಾಲ್ಕು ಎಂದು ಬರೆದ.

ಸಾಮಾನೆಲ್ಲ ಚೀಲಕ್ಕೆ ಬಿತ್ತು. ಚೀಲದ ಬಾಯಿ ಹೊಲಿದು ಅರಗಿನ ಮುದ್ರೆ ಒತ್ತಿದರು. ಕ್ಯಾಪ್ಟನ್ ಬೇರೆ ಹಳ್ಳಿಯಲ್ಲಿದ್ದ. ಕಾವಲಿದ್ದ ಸಿಪಾಯಿಗೆ ಕನ್ನಡವೂ ಬಾರದು, ಉರ್ದುವೂ ಬಾರದು. ಸಂಜೆಗೆ ವೈರ್‌ಲೆಸ್ಸಿನವನು ಕಿವಿಗೆ ಬಟ್ಟಲು ಹಚ್ಚಿಕೊಂಡು ಕಲಬುರಗಿಗೆ ಹೇಳಿದ: ಕಮಲಾಪುರ, ಹಥಿಯಾರ್ ಅರವತ್ತೊಂದು. ಕಲಬುರಗಿ ಅದನ್ನು ಹೈದರಾಬಾದಿಗೆ ಹೇಳಿತು. ಊರಲ್ಲಿ ಖರೇನೇ ಇದ್ದ ಮೂರು ಬಂದೂಕು ಅಟ್ಟದ ಮೇಲೆ ಸುಮ್ಮನೆ ಮಲಗಿದ್ದವು. ಅವುಗಳನ್ನು ಊರಲ್ಲಿ ಯಾರೂ ಹತ್ಯಾರ ಎನ್ನುತ್ತಿರಲಿಲ್ಲ.

ಮೂರನೆಯ ದಿನ ಲಾರಿ ಬಂತು. ಹತ್ತಕ್ಕಿಂತ ಹೆಚ್ಚು ಹಥಿಯಾರ್ ಇದ್ದವನು ರಜಾಕಾರರ ಉಗ್ರಾಣ ಕಾಯುವವನೇ ಇರಬೇಕೆಂದು ಮೇಲಿನವರ ಲೆಕ್ಕಾಚಾರ. ಕಮಲಾಪುರದಲ್ಲಿ ಅಂಥವನು ಒಬ್ಬನೇ ಸಿಕ್ಕ.

ಚಾಂದಬಿ ಭೀಮಶಾನ ಅಂಗಡಿಗೆ ಬಂದಾಗ ಅವನು ಬ್ಯಾಟರಿಗೆ ನೀರು ಹಾಕುತ್ತಿದ್ದ. ಮಲಂಗಸಾಬನ ಹೆಂಡತಿ ಅವಳು. ಭೀಮಶಾ ಸಣ್ಣವನಿದ್ದಾಗ ಅವನ ತಲೆ ಬಾಚಿದವಳು. ಹೊಸಿಲ ಹೊರಗೇ ನಿಂತು ಭೋಂಗಾದ ಕಡೆ ನೋಡಿದಳು.

"ಇದೇ ಏನಪಾ ಅದು?"

"ಬರ್ರಿ ಕಾಕಿ, ಕೂಡ್ರಿ. ಕಾಕಾ ಅರಾಮ ಅದಾರ?"

"ನಿಮ್ಮ ಕಾಕಾಗ ಮಿಲಿಟ್ರಿಯವರು ಒಯ್ದಾರ. ಹದಿನಾಕು ಹತ್ಯಾರ ಇದ್ದವಂತ ಅವನ ಬಲ್ಲಿ. ಇದ್ದವು. ಊರಿಗೇ ಗೊತ್ತು ಇದ್ದವು ಅಂತ."

ಭೀಮಶಾನಿಗೆ ಆಗ ಹೊಳೆಯಿತು. ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟ.

"ಕಾಕಿ, ಕಾಗದದಾಗ ಹಂಗೇ ಇತ್ತು. ನಾ ಓದಿದೆ ಅಷ್ಟೇ. ತಂತಿ ನಂದು, ಮಾತು ಅವರದು."

"ಕಾಗದ ಯಾರು ನೋಡ್ಯಾರ? ಮಂದಿ ಬ್ಯಾಡ ಅಂದ್ರು, 'ಸಾಬ, ಪೆಟಗಿ ಒಯ್ಯಬ್ಯಾಡ, ದಿನಮಾನ ಸುಮಾರ ಅವ' ಅಂತ. ಇವ ಏನಂದ ಗೊತ್ತದ? 'ಹೇಳಾಕತ್ತವ ನಮ್ಮ ಭೀಮ್ಯಾ ಅದಾನ. ಏನೂ ಆಗಂಗಿಲ್ಲ ಅಂತ ಅವನೇ ಅಂದಾನ' ಅಂದ. ಸರಕಾರ ಒದರಿದ್ರ ಬಾಗಲಾ ಹಾಕ್ಕೊಂಡು ಒಳಗ ಕೂಡ್ತಿದ್ದ ಅವ."

ಅವಳು ಒಳಗೆ ಬಂದಳು. ಮಷೀನಿನ ಪೆಟ್ಟಿಗೆಯ ಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಹೋದಳು.

ಭೀಮಶಾ ಮಿಲಿಟರಿ ಕಚೇರಿಗೆ ಓಡಿದ. ಲೆಕ್ಕ ಒಪ್ಪಿಸಲು ಬಂದಿದ್ದ ಹಣಮಂತರಾಯ ಬಾಗಿಲಲ್ಲೇ ಸಿಕ್ಕ.

"ರಾಯರ, ನಿಮಗ ಕಣ್ಣಿಲ್ಲೇನ್ರೀ? ಉಳಿ, ಬಾಚಿ ನೋಡಿ ಹಥಿಯಾರ್ ಅಂತ ಹ್ಯಾಂಗ ಬರದ್ರಿ?"

"ನನಗ ಕಣ್ಣು ಅದಾವ. ನಿನಗ ಬಾಯಿ ಅದ. ನೀ ಹತ್ಯಾರ ತರ್ರಿ ಅಂದಿ, ಅವರು ತಂದ್ರು, ನಾ ಬರದೆ." ಹಣಮಂತರಾಯ ದನಿ ತಗ್ಗಿಸಿದ. "ಅಲ್ಲೋ, ಹಳೀ ಸರಕಾರದ ಕಾರಕೂನ ನಾ. ಕಮಲಾಪುರದಾಗ ಒಂದೂ ಸಿಗಲಿಲ್ಲ ಅಂತ ಬರದ್ರ ನನ್ನನ್ನೇ ಒಳಗ ಹಾಕ್ತಿದ್ರು. ಕಾಗದ ಆದ್ರ ಹರೀಬಹುದಿತ್ತು. ವೈರ್‌ಲೆಸ್ ಹೋಗಿಬಿಟ್ಟದ. ಅದನ್ನ ಹ್ಯಾಂಗ ಹರೀತಿ?"

ಒಳಗೆ ಕ್ಯಾಪ್ಟನ್ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ; ಅರ್ಥವಾದ ಮೇಲೆ ಅವನು ಎದ್ದು ಬಾಗಿಲು ಮುಚ್ಚಿದ. ಚೀಲಗಳು ಸೋಲಾಪುರದ ಉಗ್ರಾಣಕ್ಕೆ ಹೋಗಿವೆ ಅಂದ. ಅರವತ್ತೊಂದಕ್ಕೆ ಹೈದರಾಬಾದಿನಿಂದ ಶಾಬಾಶಿ ಬಂದಿದೆ ಅಂದ. ಅದು ಕುಡುಗೋಲು, ಉಳಿಗಳ ಲೆಕ್ಕ ಎಂದು ಈಗ ಹೇಳಿದರೆ ತನ್ನ ಮೇಲಿನವನು ನಗೆಗೀಡಾಗುತ್ತಾನೆ, ನಗೆಗೀಡಾದ ಮೇಲಿನವನಷ್ಟು ಕೆಟ್ಟವನು ಫೌಜಿನಲ್ಲಿ ಬೇರೆ ಇಲ್ಲ ಅಂದ.

"ಆದರೆ ಸಾಬ್, ಆ ಮನುಷ್ಯ ಬಡಿಗ."

"ಗೊತ್ತಾಯಿತು. ನಾಳೆ ಮುಂಜಾನೆ ಕೈದಿಗಳ ಲಾರಿ ದೂರದ ಜೈಲಿಗೆ ಹೊರಡುತ್ತದೆ. ಅಲ್ಲಿಗೆ ಹೋದವನನ್ನು ನಾನು ತರಲಾರೆ." ಕ್ಯಾಪ್ಟನ್ ಒಂದು ಬಿಳಿ ಹಾಳೆ ಮುಂದೆ ತಳ್ಳಿದ. "ಮಿಲಿಟರಿ ಹುಕುಮನ್ನು ನಾನು ತಪ್ಪಾಗಿ ಸಾರಿದೆ ಎಂದು ಬರೆದು ಸಹಿ ಮಾಡು. ಅದರ ಆಧಾರದ ಮೇಲೆ ಒಬ್ಬನನ್ನು ಬಿಡಬಹುದು. ಆದರೆ ಹುಕುಂ ತಪ್ಪಾಗಿ ಸಾರಿದವನ ಬಳಿ ಭೋಂಗಾ ಇರಲು ಬಿಡುವುದಿಲ್ಲ. ಲೈಸೆನ್ಸ್ ಹೋಗುತ್ತದೆ, ಮಷೀನು ಹೋಗುತ್ತದೆ. ಐದು ಗಂಟೆಯವರೆಗೆ ಇಲ್ಲಿರುತ್ತೇನೆ."

"ಅರವತ್ತೊಂದು?"

"ಅದು ಅರವತ್ತೊಂದೇ."

ಭೀಮಶಾ ಕಚೇರಿಯ ಅಂಗಳದ ಬೇವಿನ ಗಿಡದ ಕೆಳಗೆ ಕುಳಿತ. ಎರಡು ಗಂಟೆಯಾಗಿತ್ತು. ಮಷೀನು ಹೋದರೆ ತಾನೇನು ಎಂದು ಯೋಚಿಸಿದ. ಕಮಲಾಪುರದಲ್ಲಿ ಕರೆದರೆ ಎರಡು ಮನೆ ದಾಟದ ದನಿಯವನು, ಅಷ್ಟೇ. ಕಾಗದ ಬರೆದವರು ಯಾರೋ, ಫಾರಂ ಮಾಡಿದವರು ಯಾರೋ, ವೈರ್‌ಲೆಸ್ ಒತ್ತಿದವನು ಯಾರೋ. ಇಷ್ಟು ಮಂದಿಯ ನಡುವೆ ತನ್ನ ಪಾಲು ಎಷ್ಟು?

ಆಗ ಬೇಸಿಗೆಯ ರಜಾಕಾರರ ಸಭೆ ನೆನಪಾಯಿತು. ಅವತ್ತು ವೇದಿಕೆಯ ಮೇಲಿದ್ದವನು ಮೈಕಿನಲ್ಲಿ ಕಿರುಚಿದ ಮಾತುಗಳು ಅವನಿಗೆ ಚೆನ್ನಾಗಿ ತಿಳಿದಿದ್ದವು. ಮುಂದಿನ ವಾರ ಒಂದು ಹಳ್ಳಿಯಲ್ಲಿ ಆರು ಮನೆ ಸುಟ್ಟವು. ತಂತಿ ನನ್ನದು, ಮಾತು ಅವರದು ಎಂದುಕೊಂಡು ಆ ರಾತ್ರಿ ಊಟ ಮಾಡಿ ಮಲಗಿದ್ದ. ನಿದ್ದೆಯೂ ಬಂದಿತ್ತು. ಅದೇ ಮಾತನ್ನು ಇವತ್ತು ಚಾಂದಬಿಗೂ ಹೇಳಿದ್ದ. ಈ ಸಲ ಮಾತು ಅವರದೇ ಇರಬಹುದು, ಆದರೆ ಮಲಂಗಕಾಕಾ ನಂಬಿದ್ದು ಅವರ ಮಾತನ್ನಲ್ಲ. ತನ್ನ ದನಿಯನ್ನು. ಮಷೀನು ದೊಡ್ಡದು ಮಾಡಿದ್ದೂ ಅದನ್ನೇ.

ನಾಲ್ಕೂ ಮುಕ್ಕಾಲಿಗೆ ಎದ್ದ. ಹಾಳೆಯ ಮೇಲೆ ಬರೆದ, ಸಹಿ ಮಾಡಿದ. ಸಿಪಾಯಿಗಳು ಅಂಗಡಿಗೆ ಬಂದು ಯಾದಿ ಹಿಡಿದು ಒಂದೊಂದೇ ಎತ್ತಿದರು: ಮಷೀನು, ಮೈಕು, ಭೋಂಗಾ, ಬ್ಯಾಟರಿ. ಸಾಗವಾನಿಯ ಪೆಟ್ಟಿಗೆ ಯಾದಿಯಲ್ಲಿ ಇರಲಿಲ್ಲ. ಮಷೀನನ್ನು ಅದರೊಳಗಿಂದ ತೆಗೆದು, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟುಹೋದರು.

ಮಲಂಗಸಾಬನನ್ನು ಮರುದಿನ ಬೆಳಕು ಹರಿಯುವಾಗ ಬಿಟ್ಟರು. ಅವನು ಭೀಮಶಾನ ಜೊತೆ ಬಸ್ಸು ನಿಲ್ಲುವಲ್ಲಿಗೆ ನಡೆದ. ಗಡ್ಡ ಬೆಳೆದಿತ್ತು. ಭೀಮಶಾನ ತಲೆಯ ಮೇಲಿದ್ದ ಖಾಲಿ ಪೆಟ್ಟಿಗೆ ನೋಡಿ ನಿಂತ.

"ಇದನ್ನ ಯಾಕ ಬಿಟ್ರು?"

"ಯಾದ್ಯಾಗ ಇರಲಿಲ್ಲ ಕಾಕಾ."

"ಛಲೋ ಆಯ್ತು. ಇಳಿಸು, ನಾ ಹೊರ್ತೀನಿ. ನಿನಗ ಹೊರಾಕ ಬರಂಗಿಲ್ಲ, ಮೂಲಿ ಬಡಿಸ್ತಿ." ಸ್ವಲ್ಪ ದೂರ ನಡೆದ ಮೇಲೆ ಕೇಳಿದ: "ನನ್ನ ಹತ್ಯಾರ?"

ಭೀಮಶಾ ಇಲ್ಲ ಎಂದು ತಲೆಯಾಡಿಸಿದ.

"ಬಾಚಿ ನಮ್ಮಪ್ಪನದಿತ್ತು," ಎಂದ ಮಲಂಗಸಾಬ.

ಹತ್ತು ದಿನದ ಮೇಲೆ ಭೋಂಗಾ ಕಮಲಾಪುರಕ್ಕೆ ತಾನೇ ಬಂತು, ಜೀಪಿನ ನೆತ್ತಿಯ ಮೇಲೆ. ಒಳಗಿನ ದನಿ ಹೊಸದು. ಧಾರವಾಡದ ಕಡೆಯಿಂದ ಕರೆತಂದ ಯಾರೋ ಓದಿದವನಂತೆ. "ಮಹಾಜನರೇ! ಶಸ್ತ್ರಾಸ್ತ್ರಗಳನ್ನು ಹೊಂದಿರತಕ್ಕವರು ಅವುಗಳನ್ನು ಅವಿಳಂಬವಾಗಿ ಸಮರ್ಪಿಸತಕ್ಕದ್ದು!" ಭೀಮಶಾ ಮಲಂಗಸಾಬನ ಕಟ್ಟೆಯ ಮೇಲೆ ಕೂತಿದ್ದ. ಪೀರಪ್ಪ ಹೊಸದಾಗಿ ಬಡಿದುಕೊಟ್ಟ ಬಾಚಿಗೆ ಮಲಂಗಸಾಬ ಹಿಡಿಕೆ ಕೂಡಿಸುತ್ತಿದ್ದ.

"ನಿನ್ನ ಭೋಂಗಾ ಏನ್ ಒದರಾಕತ್ತದೋ?" ಅಂದ.

ಗಲ್ಲಿಯ ಬಾಗಿಲುಗಳು ಒಂದೊಂದೇ ಮುಚ್ಚುತ್ತಿದ್ದವು. ಕೆಲವರು ಬಾಚಿ, ಕೊಡಲಿಗಳನ್ನು ಗೋಣಿಯಲ್ಲಿ ಸುತ್ತಿ ಹಿತ್ತಲಿಗೆ ಒಯ್ಯುತ್ತಿದ್ದರು. ಏನು ಕೇಳುತ್ತಿದ್ದಾರೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಏನೋ ಕೇಳುತ್ತಿದ್ದಾರೆ ಎಂಬುದು ಮಾತ್ರ ಎಲ್ಲರಿಗೂ ತಿಳಿದಿತ್ತು. ಹೂತಿಡುವಾಗ ಮಿಲಿಟರಿಯ ಕೈಗೆ ಸಿಕ್ಕರೆ ಮುಗಿಯಿತು.

ಭೀಮಶಾ ಕಟ್ಟೆ ಇಳಿದ. ಮೊದಲ ಬಾಗಿಲು ತಟ್ಟಿದ. "ಬಂದೂಕು, ತಲವಾರ ಇದ್ರ ಕೊಡ್ರಿ ಅಂತ ಹೇಳಾಕತ್ತಾರ. ಕೊಡಲಿ ಅಲ್ಲ, ಬಾಚಿ ಅಲ್ಲ. ಅವನ್ನ ಮುಚ್ಚಿಡಬ್ಯಾಡ್ರಿ." ಎರಡನೆಯ ಬಾಗಿಲಲ್ಲಿ ಮತ್ತೆ ಅದನ್ನೇ ಹೇಳಿದ. ದನಿ ಮುಂದಿನ ಮನೆಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ಪ್ರತಿ ಹೊಸಿಲಿಗೂ ನಿಲ್ಲಬೇಕಾಯಿತು. ಪ್ರತಿ ಹೊಸಿಲಲ್ಲೂ ಜನ ಮೊದಲು ಅವನ ಮುಖ ನೋಡಿದರು. ಒಬ್ಬನಂತೂ, "ಈ ಸಲ ಖರೇನೋ? ಹಿಂದ ಹೇಳಿದಂಗಲ್ಲ ಹೌದಿಲ್ಲೋ?" ಎಂದು ಎರಡೆರಡು ಸಲ ಕೇಳಿದ.

ಕೊನೆಯ ಮನೆ ಗುಂಡಮ್ಮನದು. ಅವಳು ಬಾಗಿಲಲ್ಲೇ ಕೂತು ಬರಿಗೈಯಲ್ಲಿ ತೆನೆ ಮುರಿಯುತ್ತಿದ್ದಳು. ಅವನು ಹೇಳಿದ್ದನ್ನು ಪೂರ್ತಿ ಕೇಳಿದಳು.

"ಹಂಗಂದ್ರ ಕುಡುಗೋಲು ಅವರಿಗಿ ಬೇಕೇ ಇಲ್ಲ?"

"ಇಲ್ಲ ಯವ್ವಾ."

"ಮತ್ತ ನಂದು ಯಾವಾಗ ತಿರುಗಿ ಕೊಡ್ತಾರಂತ?"

ಊರಾಚೆ ಭೋಂಗಾ ಇನ್ನೂ ಕೂಗುತ್ತಿತ್ತು. ಭೀಮಶಾ ಒಂದು ಗಳಿಗೆ ಕಿವಿಗೊಟ್ಟು ಕೇಳಿದ.

"ಅದನ್ನ ಹೇಳವಲ್ರು ಯವ್ವಾ," ಅಂದ. ಆಮೇಲೆ ಅವಳ ಎದುರು ಕೂತು ತಾನೂ ತೆನೆ ಮುರಿಯತೊಡಗಿದ.