ಸಣ್ಣತಿಮ್ಮಯ್ಯನ ಎಡಗಿವಿ

ಸಣ್ಣತಿಮ್ಮಯ್ಯನ ಎಡಗಿವಿ ಬಲಗಿವಿಗಿಂತ ದಪ್ಪ. ಹುಟ್ಟಿನಿಂದ ಬಂದದ್ದಲ್ಲ, ಜೇನುಹುಳು ಕಚ್ಚಿ ಕಚ್ಚಿ ಊದಿಕೊಂಡು, ಇಳಿಯಲು ಪುರುಸೊತ್ತಿಲ್ಲದೆ ಹಾಗೇ ನಿಂತುಬಿಟ್ಟ ಕಿವಿ ಅದು. ಹಂದನಕೆರೆಯ ಸಂತೆಯಲ್ಲಿ ಜೇನುತುಪ್ಪದ ಬಾಟಲಿಗಳನ್ನು ಮುಂದಿಟ್ಟುಕೊಂಡು ಕೂತರೆ ಹೊಸಬರ ಕಣ್ಣು ಮೊದಲು ಬೀಳುವುದು ಆ ಕಿವಿಯ ಮೇಲೆ, ಆಮೇಲೆ ತುಪ್ಪದ ಮೇಲೆ. ಇಷ್ಟು ಕಚ್ಚಿಸಿಕೊಂಡವನು ಎಂಥ ಗಂಡೆದೆಯವನೋ ಅಂದುಕೊಂಡಿರೋ, ಮೋಸಹೋದಿರಿ. ನಮ್ಮ ಸೀಮೆಯಲ್ಲಿ ಅವನಷ್ಟು ಪುಕ್ಕಲ ಇನ್ನೊಬ್ಬನಿಲ್ಲ. ಈ ಮಾತನ್ನು ಅವನ ಹೆಂಡತಿ ಚಿಕ್ಕಗೌರಮ್ಮ ಅವನೆದುರಿಗೇ ಹೇಳುತ್ತಾಳೆ, ಅವನೂ ಹೌದೆಂದು ತಲೆಯಾಡಿಸುತ್ತಾನೆ.

ಅವನ ನಡಿಗೆಯನ್ನು ನೋಡಬೇಕು. ದೊಡ್ಡ ಮರ ಕಂಡರೆ ನಿಂತು, ಕೊಂಬೆಕೊಂಬೆಯನ್ನೂ ದಿಟ್ಟಿಸಿ, ಬಲಗೈಯಿಂದ ಹಿಂಗತ್ತನ್ನು ಮುಚ್ಚಿಕೊಂಡು, ಕಾಲ ತುದಿಯಲ್ಲಿ ಮರವನ್ನು ದಾಟುತ್ತಾನೆ. ತಿಪಟೂರಿನ ಹಳೇ ಬಟ್ಟೆಯವನಿಂದ ತಂದ ಖಾಕಿ ಉಣ್ಣೆಕೋಟು ಚೈತ್ರದ ಉರಿಬಿಸಿಲಿನಲ್ಲೂ ಅವನ ಮೈಮೇಲೆ, ಗುಂಡಿಗಳು ಗಂಟಲವರೆಗೆ. ಮಾತಿನ ನಡುವೆ ತಟ್ಟನೆ ತಡೆದು "ಎದ್ದವೇನೋ?" ಎನ್ನುವುದು ಅವನ ಅಭ್ಯಾಸ. ಯಾವುವು ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ.

ಅವನಿಗಾಗ ಒಂಬತ್ತು ವರ್ಷ. ಅಪ್ಪ ಗದ್ದೆಗೆಂದು ಹೊಂಗೆಸೊಪ್ಪು ಕಡಿಯುತ್ತಿದ್ದಾಗ ಪಕ್ಕದ ಗೋಣಿಮರದಲ್ಲಿದ್ದ ಹೆಜ್ಜೇನು ಎದ್ದಿತು. ಅಪ್ಪ ಮಗನನ್ನು ಕಡಿದ ಸೊಪ್ಪಿನ ರಾಶಿಯೊಳಗೆ ತುರುಕಿ ತಾನು ಹೊರಗುಳಿದ. ಹುಡುಗನಿಗೆ ಏನೂ ಕಾಣಲಿಲ್ಲ, ಕೇಳಿಸಿತು ಅಷ್ಟೇ. ಆ ಮೊರೆತ ನಿಂತ ಮೇಲೆ ಹೊರಗೆ ಬಂದು ನೋಡಿದರೆ ಅಪ್ಪನ ಮುಖದ ಗುರುತು ಸಿಗಲಿಲ್ಲ.

ಅಂಥವನ ಮನೆಗೇ ಜೇನು ಹುಡುಕಿಕೊಂಡು ಬರಬೇಕೇ! ಎಪ್ಪತ್ತನಾಲ್ಕನೇ ಇಸವಿಯಲ್ಲಿ, ರಾಗಿ ಮುಗಿದು ಬರಿದಾಗಿದ್ದ ಮಣ್ಣಿನ ವಾಡೆಯೊಳಗೆ ತುಡುವೆ ಜೇನಿನ ಹಿಂಡೊಂದು ಸಂಸಾರ ಹೂಡಿತು. ಅವನು ನಡುಗುತ್ತ ಪಂಜು ಕಟ್ಟಿಕೊಂಡು ಬಂದ. ಚಿಕ್ಕಗೌರಮ್ಮ ವಾಡೆಗೆ ಬೆನ್ನು ಕೊಟ್ಟು ನಿಂತಳು. "ಮನೆಗೆ ಬಂದವನ್ನ ಸುಡ್ತೀರಾ? ಇವು ಆ ಜಾತಿ ಅಲ್ಲ ಕಣ್ರೀ." ಗ್ರಾಮಸೇವಕರು ಒಂದು ಮರದ ಪೆಟ್ಟಿಗೆ ತರಿಸಿಕೊಟ್ಟು, ಜೇನೆರಿಗಳನ್ನು ವಾಡೆಯಿಂದ ಪೆಟ್ಟಿಗೆಗೆ ಬದಲಿಸುವ ಕ್ರಮ ಹೇಳಿದರು. ತಾನೇ ಬದಲಿಸುತ್ತೇನೆಂದು ಅವಳು ಸೆರಗು ಸಿಕ್ಕಿಸಿಕೊಂಡರೆ ಇವನು ಬಿಡಲಿಲ್ಲ. ಎದ್ದರೆ ತನ್ನ ಮೇಲೇ ಏಳಲಿ ಎಂದು, ಕೋಟು ತೊಟ್ಟು, ತಲೆಗೆ ಕಣ್ಣಷ್ಟೇ ಕಾಣುವಂತೆ ಟವೆಲು ಸುತ್ತಿ, ಆ ಕೆಲಸ ತಾನೇ ಮಾಡಿದ. ಹಾಗೆ ಶುರುವಾದದ್ದು ಎಂಟೊಂಬತ್ತು ವರ್ಷಗಳಲ್ಲಿ ಹದಿನಾಲ್ಕು ಪೆಟ್ಟಿಗೆಯಾಯಿತು. ಹೊಂಗೆ ಹೂವಿನ ಕಾಲದ ಅವನ ತುಪ್ಪಕ್ಕೆ ಸಂಪಿಗೆ ಊರಿನಿಂದಲೂ ಜನ ಬರತೊಡಗಿದರು. ಹೆದರಿಕೆ ಮಾತ್ರ ಗುಲಗಂಜಿಯಷ್ಟೂ ಇಳಿಯಲಿಲ್ಲ.

ಎಂಬತ್ಮೂರರಲ್ಲಿ ತೆಂಗಿನ ಗರಿಗೆ ಹುಳು ಬಿದ್ದು ತೋಟಗಳೆಲ್ಲ ಬೆಂಕಿ ತಗುಲಿದಂತೆ ಒಣಗಿದವು. ಯುಗಾದಿ ಕಳೆದ ವಾರ ಪಕ್ಕದ ತೋಟದ ಹಾಲಸ್ವಾಮಿ ಬೇಲಿಯ ಹತ್ತಿರ ಬಂದು, "ನಾಳೆ ಔಷಧಿ ಹೊಡೆಸ್ತೀನಿ ಕಣಯ್ಯ, ನಿನ್ನ ಹುಳ ಜ್ವಾಪಾನ," ಎಂದ. ಹೂವಿಗೆ ಹೋದ ಒಂದು ಹುಳುವೂ ಹಿಂದಿರುಗುವುದಿಲ್ಲವೆಂದು ಸಣ್ಣತಿಮ್ಮಯ್ಯನಿಗೆ ಗೊತ್ತು. ಸಂಜೆ ಎಲ್ಲವೂ ಗೂಡು ಸೇರಿದ ಮೇಲೆ ಬಾಗಿಲು ಮುಚ್ಚಿ, ಮಾರನೆಯ ಸಂಜೆಯವರೆಗೆ ಕೂಡಿಹಾಕುವುದೊಂದೇ ದಾರಿ. ಆದರೆ ಗಾಳಿ ಆಡಬೇಕಲ್ಲ. ತೆಂಗಿನ ಸುಳಿಯ ಬುಡದಲ್ಲಿ ಗರಿಗಳನ್ನು ಸುತ್ತಿಕೊಂಡು ಬಲೆಯಂಥ ನಾರು ಬೆಳೆಯುತ್ತದೆ. ಜರಡಿಯ ಹಾಗೆ ಗಾಳಿ ಬಿಡುತ್ತದೆ, ಹುಳು ಬಿಡುವುದಿಲ್ಲ. ಮರ ಹತ್ತುವ ತಿಪ್ಪಯ್ಯನಿಂದ ತನ್ನದೇ ಮರಗಳ ನಾರು ಇಳಿಸಿ, ಒಂದು ಪದರ ಸಾಲದೆಂಬ ಭಯಕ್ಕೆ ಎರಡೆರಡು ಪದರ ಮಡಿಸಿ ಬಾಗಿಲಿಗೆ ತುರುಕಿದ. ಒಂಬತ್ತು ಪೆಟ್ಟಿಗೆಗೆ ನಾರು ಮುಗಿಯಿತು. ಉಳಿದ ಐದಕ್ಕೆ ಚಿಕ್ಕಗೌರಮ್ಮ ತನ್ನ ಹಳೇ ಸೀರೆಯ ತೆಳುವಾದ ಅಂಚನ್ನು ಹರಿದು, ಒದ್ದೆ ಮಾಡಿ ಕಟ್ಟಿದಳು. ಆ ಐದು ಉಸಿರುಕಟ್ಟಿ ಸಾಯುತ್ತವೆಂದು ರಾತ್ರಿಯೆಲ್ಲ ಅವನಿಗೆ ನಿದ್ದೆಯಿಲ್ಲ.

ಬಿಸಿಲೇರಿದಂತೆ ಪೆಟ್ಟಿಗೆಗಳು ಮೊರೆಯತೊಡಗಿದವು. ಒಂದಲ್ಲ, ಎರಡಲ್ಲ, ಹದಿನಾಲ್ಕೂ ಒಟ್ಟಿಗೆ. ಸೊಪ್ಪಿನ ರಾಶಿಯೊಳಗೆ ಕೇಳಿದ್ದ ಅದೇ ಸದ್ದು. ಅವನು ನಡುಮನೆಯ ಮೂಲೆಯಲ್ಲಿ ಕೋಟಿನೊಳಗೆ ಮುದುಡಿ, ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡು ಕೂತ. ಪೆಟ್ಟಿಗೆಗಳ ಮೇಲೆ ನೀರು ಚಿಮುಕಿಸಿದವಳು ಚಿಕ್ಕಗೌರಮ್ಮ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ಬಂದು, ಒಂಬತ್ತು ಪೆಟ್ಟಿಗೆಯಲ್ಲಿ ಸದ್ದಿಲ್ಲ ಅಂದಳು. ಅವನು ಕೈ ತೆಗೆದು, ನಿಡಿದಾದ ಉಸಿರು ಬಿಟ್ಟು, "ಸದ್ಯ, ಅಡಗಿದವಲ್ಲ," ಎಂದ.

ಸಂಜೆ ಬಾಗಿಲು ಬಿಚ್ಚಿದಾಗ ಸೀರೆಯಂಚಿನ ಐದರಿಂದ ಹುಳುಗಳು ನುಗ್ಗಿ ಬಂದವು. ಮಿಕ್ಕ ಒಂಬತ್ತರ ಬಾಗಿಲಲ್ಲಿ ಹುಳುಗಳು ನಾರಿಗೆ ಬಾಯಿ ಕಚ್ಚಿಕೊಂಡೇ ಸತ್ತಿದ್ದವು. ಒಳಗೆ ಗೇಣುದ್ದ ಕಪ್ಪು ರಾಶಿ. ಅವನು ಒಂದು ನಾರನ್ನು ಮೂಗಿಗೆ ಹಿಡಿದ. ವಿಷದ ಪುಡಿಯ ಘಾಟು. ಶಿವರಾತ್ರಿಯ ಹೊತ್ತಿಗೆ, ಸುಳಿ ಕೊರೆಯುವ ದುಂಬಿಗೆಂದು ಬಿ.ಎಚ್.ಸಿ. ಪುಡಿಯನ್ನು ಮರಳಿನಲ್ಲಿ ಕಲಸಿ ಪ್ರತಿ ಮರದ ಸುಳಿಗೂ ಹಾಕಿಸಿದವನು ಅವನೇ. ತೆಂಗಿನವರು ಎಲ್ಲರೂ ಹಾಕುತ್ತಾರೆ. ಆ ಪುಡಿಯ ಚೀಲ ಪ್ರತಿ ಮನೆಯ ಅಟ್ಟದ ಮೇಲೂ ಇರುವುದರಿಂದ ಅದರ ವಾಸನೆ ನಮ್ಮವರ ಮೂಗಿಗೆ ವಾಸನೆಯೇ ಅಲ್ಲ. ತಿಪ್ಪಯ್ಯನಿಗೂ ತಟ್ಟಲಿಲ್ಲ, ಅವಳಿಗೂ ತಟ್ಟಲಿಲ್ಲ.

ಹಾಲಸ್ವಾಮಿ ಸುದ್ದಿ ಕೇಳಿ ಓಡಿ ಬಂದು, ಪಾಪ ತನ್ನದೇ ಎಂದು ತಲೆತಗ್ಗಿಸಿ ನಿಂತ. ಸುಮ್ಮನಿದ್ದಿದ್ದರೆ ಊರೂ ಹಾಗೇ ನಂಬುತ್ತಿತ್ತು. ಸಣ್ಣತಿಮ್ಮಯ್ಯ ಅವನ ಕೈಗೆ ಆ ನಾರನ್ನು ಕೊಟ್ಟು, "ನಿಂದಲ್ಲ ಕಣಪ್ಪ. ನಾನೇ ಇಕ್ಕಿದ್ದು, ನನ್ನ ಕೈಯಾರೆ," ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅವು ಕೂಗ್ತಾ ಇದ್ವು ಕಣೇ. ನಾನು ಕಿವಿ ಮುಚ್ಕಂಡಿದ್ದೆ," ಎಂದು ಅತ್ತ.

ಮಾರನೆಯ ಬೆಳಿಗ್ಗೆಯಿಂದ ಅವನ ತಲೆಗೆ ಟವೆಲಿಲ್ಲ. ಕೋಟಿದೆ, ನಡುಕವಿದೆ, ಹಿಂಗತ್ತಿನ ಮೇಲೆ ಕೈಯಿದೆ. ಆದರೆ ಹಲ್ಲುಕಚ್ಚಿ, ಕಣ್ಣುಮುಚ್ಚಿ, ಬರಿಯ ಎಡಗಿವಿಯನ್ನು ಒಂದೊಂದು ಪೆಟ್ಟಿಗೆಗೂ ಒತ್ತಿ ಹಿಡಿದು, ಒಳಗಿನ ಸದ್ದು ಕೇಳಿಸುವವರೆಗೂ ಅವನು ಕದಲುವುದಿಲ್ಲ. ಅವು ಕಚ್ಚುತ್ತವೆ.

ಹೆದರಿಕೆಯನ್ನು ಗೆದ್ದವರನ್ನು ಲೋಕ ಹಾಡಿ ಹೊಗಳುತ್ತದೆ. ಗೆಲ್ಲಲಾರದೆ, ಅದನ್ನೂ ಜೊತೆಗೆ ಕರೆದುಕೊಂಡೇ ದಿನಬೆಳಗಾದರೆ ಕೆಲಸಕ್ಕೆ ಹೊರಡುವವರನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ಜೀವವೊಂದನ್ನು ಸಾಕುವವರು ಬಹುಮಟ್ಟಿಗೆ ಈ ಎರಡನೆಯ ಪಂಗಡದವರೇ. ಮಗು ಅತ್ತರೆ ಗಾಬರಿಯಾಗುವ ತಾಯಿಯೇ, ಅಳದೆ ಮಲಗಿದ್ದರೆ ಇನ್ನೂ ಗಾಬರಿಯಾಗಿ, ಎದ್ದು ಬಂದು, ಅದರ ಮೂಗಿನ ಮುಂದೆ ಬೆರಳು ಹಿಡಿದು ನೋಡುತ್ತಾಳೆ.